ಬಸ್ಸು ಬಿಟ್ಟರೂ ಅಳತೆ ಬಿಡದವರು

ಕಂಠಪ್ಪ ಸಹಿ ಹಾಕದಿದ್ದರೆ? ಮಗುವಿಗೆ ರಾಗಿ ಸರಿ ತಿನ್ನಿಸುವಾಗಲೂ ಬೃಂದಾಳಿಗೆ ಅದೇ ಚಿಂತೆ. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿರುವ ಕಂಠಪ್ಪನ ಔಷಧಿ ಅಂಗಡಿಗೆ ತರಬೇತಿಗೆ ಬಂದಿದ್ದ ರೇಣುಕಾಳನ್ನು ಅವನು ನಿನ್ನೆ ಹೊರಗೆ ಕಳಿಸಿದ್ದ. ಅವನ ಸಹಿಯಿಲ್ಲದೆ ಆ ಹುಡುಗಿಯ ಫಾರ್ಮಸಿ ಡಿಪ್ಲೊಮಾ ಮುಗಿಯುವುದಿಲ್ಲ. ಕಾಡಂಚಿನ ಅವಳ ಹಾಡಿಯಲ್ಲಿ ಇಷ್ಟು ದೂರ ಓದಿದವರು ಇನ್ನಾರೂ ಇಲ್ಲ. ಅವನು ರೇಗುವಂತೆ ಅವಳು ಮಾಡಿದ್ದನ್ನು ಕಲಿಸಿದವಳೋ, ಬೃಂದಾಳೇ.

ಮೈಸೂರಿನಲ್ಲಿ ಓದಿ, ಮದುವೆಯಾಗಿ ಹುಣಸೂರಿಗೆ ಬಂದು, ಅಲ್ಲೇ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಬೃಂದಾ ಮನೆಯಲ್ಲಿ ಪುಕ್ಕಲಿ ಎಂದೇ ಹೆಸರಾದವಳು. ಮಗುವಿಗೆ ಔಷಧಿ ಕುಡಿಸುವ ಮೊದಲು ಬಾಟಲಿಯನ್ನು ತಿರುಗಿಸಿ ತಿರುಗಿಸಿ ಓದುವಳು. "ಅದೇನು ಲಗ್ನಪತ್ರಿಕೆನವ್ವಾ? ಕುಡಿಸು ಬುಡು," ಎಂದು ಅತ್ತೆ ತಿಮ್ಮಮ್ಮ ಹಂಗಿಸುವರು. ಆ ಪುಕ್ಕಲುತನವನ್ನೇ ಅವಳು ಪಾಠವಾಗಿಸಿದ್ದಳು. ಕಾಲೇಜಿನ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಖಾಲಿ ಡಬ್ಬಿಗಳು, ಬಾಟಲಿಗಳಲ್ಲಿ ಬಣ್ಣದ ನೀರು. ಅದೇ ಅಂಗಡಿ. ಮೊದಲು ತಾನು ಮಾಡಿ ತೋರಿಸುವಳು. ಆಮೇಲೆ ಬಟ್ಟೆಯ ಮಗುವನ್ನು ಸೊಂಟಕ್ಕೇರಿಸಿ, ಮೊಬೈಲಿನಲ್ಲಿ ಬಸ್ಸಿನ ಹಾರನ್ ಹಾಕಿ, ಗಿರಾಕಿಯಾಗಿ ನಿಲ್ಲುವಳು.

"ಬಿರ್ರನೆ ಕೊಡವ್ವಾ, ಮಗೀಗೆ ಜ್ವರ, ಬಸ್ಸು ವೊಂಟೋಯ್ತದೆ!"

ಮೊದಲ ಸಲ ರೇಣುಕಾ ಗಾಬರಿಬಿದ್ದು, ಹನಿ ಲೆಕ್ಕದಲ್ಲಿ ಹಾಕಬೇಕಾದ ಸ್ಟ್ರಾಂಗ್ ಡ್ರಾಪ್ಸನ್ನು ಚಮಚದಲ್ಲಿ ಕುಡಿಸಿ ಎಂದುಬಿಟ್ಟಿದ್ದಳು. ಎಲ್ಲಿ ಎಡವಿದ್ದು ಎಂದು ತರಗತಿಯೆಲ್ಲ ಕೂತು ಮಾತಾಡಿತು. ಬೃಂದಾ ಮತ್ತೆ ಮಾಡಿಸಿದಳು, ಮತ್ತೂ ಮಾಡಿಸಿದಳು. ಮಗುವಿನ ತೂಕ ಕೇಳಿ, ಗಿರಾಕಿಯ ಕೈಯಿಂದಲೇ ನೀರು ಅಳೆಸಿ ನೋಡುವವರೆಗೆ ಬಿಡಲಿಲ್ಲ.

ನಿನ್ನೆ ಕಂಠಪ್ಪನ ಅಂಗಡಿಗೆ ಬಂದದ್ದು ನಿಜವಾದ ತಾಯಿ, ನಿಜವಾದ ಬಸ್ಸು. ಅಳತೆ ಮಾಡಿಸದೆ ರೇಣುಕಾ ಬಾಟಲಿ ಕೊಡಲಿಲ್ಲ. ಬಸ್ಸು ಹೋಯಿತು. ತಾಯಿ ಬೈದಳು. ಕಂಠಪ್ಪ ರೇಗಿದ: "ನಿಮ್ ಕಾಲೇಜ್ ನಾಟ್ಕ ನನ್ನಂಗ್ಡೀಲಿ ಬ್ಯಾಡ ಕಣಮ್ಮಿ. ನಡಿ ಆಚ್ಗೆ!"

"ಕಂಠಪ್ಪಂಗೆ ಒಂದು ಸಾರಿ ಕೇಳ್ಬಿಡಿ ಮೇಡಂ, ನಿಮ್ಮ ಗಂಟೇನು ಹೋಗುತ್ತೆ?" ಎಂದರು ಪ್ರಿನ್ಸಿಪಾಲ್ ನೀಲಕಂಠಸ್ವಾಮಿ, ಕಾಲೇಜಿಗೆ ಬಂದ ಬೃಂದಾಳನ್ನು ತಮ್ಮ ಕೋಣೆಗೆ ಕರೆದು.

ಹೊರಗೆ ರೇಣುಕಾ ಕಾದಿದ್ದಳು. "ನೀರು ಅಳೀರಿ ಅಂದ್ರೆ ಆಯಮ್ಮ ಚಮಚ ತುಂಬಾ ಸುರ್ಕಂಡಿದ್ರು ಮಿಸ್, ಹನಿ ಲೆಕ್ಕದ್ದು ಅದು. ಬಸ್ಸು ಹೋಯ್ತದೆ ಅಂತ ಬುಟ್ಬುಡ್ಬೇಕಿತ್ತಾ?"

ಬೃಂದಾ ಮೊಬೈಲು ತೆಗೆದಳು. ಅವಳೆದುರಲ್ಲೇ ಕಂಠಪ್ಪನ ನಂಬರ್ ಒತ್ತಿದಳು.

"ಕಂಠಪ್ಪನವರೇ, ಬೃಂದಾ ಮಾತಾಡ್ತಿರೋದು. ಸಾರಿ ಕೇಳೋಕಲ್ಲ. ನಾಳೆ ರೇಣುಕಾ ಅಂಗಡಿಗೆ ಬರ್ತಾಳೆ, ಅಳತೆ ಮಾಡಿಸ್ದೆ ಯಾರಿಗೂ ಕೊಡಲ್ಲ. ಬೇಡ ಅಂದ್ರೆ, ಅಳತೆ ಮಾಡಿಸಿದ್ದಕ್ಕೇ ಬೇಡ ಅಂತ ನಿಮ್ಮ ಕೈಯಾರೆ ಬರೆದಿಡಿ. ನಾನೇ ಬಂದು ಇಸ್ಕೋತೀನಿ."