ಓಟದ ನಡುವೆ ಬಾವುಟದ ಮಾಸ್ತರರನ್ನು ವೇದಿಕೆಗೆ ಕರೆಸಿದ್ದು ಯಾರು?

ಕಳೆದ ಭಾನುವಾರ ಮಧ್ಯಾಹ್ನ, ಮಸ್ಕಿ ಹೊರವಲಯದ ಬೈಕ್ ರೇಸಿನಲ್ಲಿ, ಓಟ ನಡೆದಿರುವಾಗಲೇ ಬಾವುಟ ಹಿಡಿದು ನಿಂತವರನ್ನು ಸನ್ಮಾನಕ್ಕೆಂದು ವೇದಿಕೆಗೆ ಕರೆಸಿದರು. ಪಾಮನಕಲ್ಲೂರಿನ ಅಮರೇಶನ ಕಾಲು ಮುರಿದದ್ದು ಅದರಿಂದ.

ಮೂರು ದಿನವಾಯಿತು. ಕಣ್ಣು ಮುಚ್ಚಿದರೆ ಇನ್ನೂ ಬೈಕು ಅಪ್ಪಳಿಸಿದ ಅದೇ ಸದ್ದು...

ಎರಡು ದಿನದ ರೇಸ್. ಪುಣೆ, ಕೊಯಮತ್ತೂರುಗಳಿಂದ ವೃತ್ತಿಪರ ಸವಾರರು ಬಂದಿದ್ದರು. ಅವರ ನಡುವೆ ನಮ್ಮವನು ಅಮರೇಶ ಒಬ್ಬನೇ. ಲಿಂಗಸುಗೂರಿನ ಗ್ಯಾರೇಜಿನಲ್ಲಿ ಕೆಲಸ ಕಲಿತು, ಈ ವರ್ಷವಷ್ಟೇ ಪುಣೆಯ ಒಂದು ಟೀಮಿಗೆ ಸೇರಿದವನು.

ಟ್ರ್ಯಾಕಿನಲ್ಲಿ ಆಳೆತ್ತರದ ಮಣ್ಣಿನ ದಿಬ್ಬ. ಬೈಕುಗಳು ಅದರ ಮೇಲಿಂದ ಹಾರುತ್ತವೆ. ಆಚೆ ಯಾರಾದರೂ ಬಿದ್ದಿದ್ದರೆ ಹಿಂದೆ ಬರುವವನಿಗೆ ಕಾಣುವುದೇ ಇಲ್ಲ.

ಅದಕ್ಕೇ ಅಲ್ಲಿ, ಯಾರಾದರೂ ಬಿದ್ದರೆ ಬೀಸಿ ಎಚ್ಚರಿಸಲು, ಹಳದಿ ಬಾವುಟ ಹಿಡಿದು ಒಬ್ಬರು ನಿಲ್ಲಬೇಕು. ನಿಂತಿದ್ದವರು ಪಿಟಿ ಮಾಸ್ತರ್ ಹನುಮಂತಪ್ಪ. ಶನಿವಾರವಿಡೀ ನೀರು ಕುಡಿಯಲೂ ಜಾಗ ಬಿಟ್ಟಿರಲಿಲ್ಲ.

ಭಾನುವಾರ ಮುಖ್ಯ ಅತಿಥಿಗಳಿಗೆ ಅವಸರ. ಮೈಕಿನಲ್ಲಿ ಮಾಸ್ತರರ ಹೆಸರು ಕೂಗಿದರು. ಅವರು ಕದಲಲಿಲ್ಲ. ಮತ್ತೊಮ್ಮೆ ಕೂಗಿ, ರೇಸ್ ಕಮಿಟಿಯವರೊಬ್ಬರು ಓಡಿಯೇ ಬಂದರು. ನಾನು ಅಲ್ಲೇ ಹಗ್ಗದ ಬಳಿ ವಿಡಿಯೋ ಮಾಡುತ್ತ ನಿಂತಿದ್ದೆ.

"ಬರ್ರೀ ಮಾಸ್ತರ, ಸಾಹೇಬ್ರು ಹೊಂಟು ನಿಂತಾರ."

"ಗಾಡಿ ಓಡಾಕತ್ತಾವಲ್ರೀ! ಇದೊಂದು ಮುಗೀಲಿ."

"ಓಡ್ಸೋರು ಅವ್ರು. ನೀವೇನು ಹಿಂದಿಂದ ನೂಕಾಕತ್ತೀರೇನು? ಎರಡು ಮಿನಿಟ್ ರೀ, ಶಾಲು ಹೊದಿಸ್ಕೊಂಡು ಬರೋದು!"

ಗುಂಪಿನಿಂದ ಯಾರೋ ಕೂಗಿದರು: "ಹೋಗ್ರೀ ಸರ, ಹಾರ ಬಾಡಾಕತ್ತೈತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಸ್ತರ್ ಬಾವುಟವನ್ನು ಮಣ್ಣಿಗೆ ನೆಟ್ಟು ಹೋದರು.

ಅಮರೇಶ ಹಾರಿದ. ಆಚೆ ಇಳಿದವನು ಜಾರಿ ಬಿದ್ದ. ಬೈಕು ಅವನ ಕಾಲ ಮೇಲೆ.

ವೇದಿಕೆಯಿಂದ ಅದನ್ನು ಕಂಡ ಮಾಸ್ತರ್, ಹೊದಿಸಿದ ಶಾಲನ್ನೇ ಕಿತ್ತು ಬೀಸುತ್ತ ಓಡಿ ಬಂದರು. ಸನ್ಮಾನದ ಖುಷಿಗೆ ಕುಣಿಯುತ್ತಿದ್ದಾರೆ ಎಂದುಕೊಂಡು ಜನ ಶಿಳ್ಳೆ ಹೊಡೆದರು.

ಅಷ್ಟರಲ್ಲಿ ಹಿಂದಿನ ಬೈಕು ದಿಬ್ಬ ಹಾರಿ ನೇರ ಅಮರೇಶನ ಮೇಲೇ ಇಳಿಯಿತು.

ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಆ ಹಳದಿ ಬಾವುಟ ನಿಂತಿತ್ತು. ಕಿರುಚಿದೆನೇ ಹೊರತು, ಅದನ್ನು ಎತ್ತಿ ಬೀಸಬೇಕೆಂದು ಹೊಳೆಯಲಿಲ್ಲ...

ಸಿಂಧನೂರಿನ ಆಸ್ಪತ್ರೆಯಲ್ಲಿ ಅಮರೇಶ ಕೇಳಿದ್ದು ಒಂದೇ ಮಾತು: "ಮಾಸ್ತರ, ನಾ ಬಿದ್ದಾಗ ನೀವು ಎಲ್ಲಿದ್ರಿ?"

ಶಾಲು ಮುದ್ದೆಯಾಗಿ ಇನ್ನೂ ಮಾಸ್ತರರ ಕೈಯಲ್ಲೇ ಇತ್ತು.

ನಿನ್ನೆ ಕಮಿಟಿಯ ಹೇಳಿಕೆ ವಾಟ್ಸಾಪಿನಲ್ಲಿ ಬಂತು. ಬಿದ್ದ ಸವಾರ ತಕ್ಷಣ ಪಕ್ಕಕ್ಕೆ ಸರಿಯದೆ ಇದ್ದುದೇ ಅವಘಡಕ್ಕೆ ಕಾರಣವಂತೆ! ಕಾಲ ಮೇಲೆ ಬೈಕು ಬಿದ್ದವನು ಹೇಗೆ ಸರಿಯಬೇಕು?

ಅದೇ ಹೇಳಿಕೆ ಪುಣೆಗೂ ಹೋಗಿದೆ. ಟೀಮಿನವರು ಅದನ್ನು ನಂಬಿದರೆ, ಕಾಲು ಕೂಡಿದ ಮೇಲೂ ಅಮರೇಶನಿಗೆ ಅಲ್ಲಿ ಜಾಗವಿಲ್ಲ.

ನನಗೆ ಮರೆವು ಕಡಿಮೆ. ಸಿಂಧನೂರಿನಲ್ಲಿ ಕಬಡ್ಡಿಯ ಅಂಪೈರನ್ನು ಆಟದ ನಡುವೆ ಕರೆದು ಹಾರ ಹಾಕಿದ್ದು ನೋಡಿದ್ದೇನೆ. ಲಿಂಗಸುಗೂರಿನ ರಕ್ತದಾನ ಶಿಬಿರದಲ್ಲಿ, ಮಲಗಿದವನ ತೋಳಿಗೆ ಸೂಜಿ ಚುಚ್ಚಿದ ನರ್ಸಮ್ಮನನ್ನು ಹಾಗೇ ಎಬ್ಬಿಸಿ ವೇದಿಕೆ ಹತ್ತಿಸಿದ್ದನ್ನೂ ನೋಡಿದ್ದೇನೆ.

ಆಗೆಲ್ಲ ನಕ್ಕು ಸುಮ್ಮನಾದೆವು. ಕೆಲಸ ಮಾಡುವವರನ್ನು ಗೌರವಿಸಲು ಅವರ ಕೆಲಸವನ್ನೇ ಬಿಡಿಸುತ್ತೇವೆ ನಾವು.

ನನ್ನ ವಿಡಿಯೋದಲ್ಲಿ ಮೈಕಿನ ಕೂಗು, ಕಮಿಟಿಯವರ ಮಾತು, ಎಲ್ಲವೂ ಇದೆ. ನನ್ನ ನಗುವೂ ಇದೆ. ಏನನ್ನೂ ಕತ್ತರಿಸದೆ ಪುಣೆಯ ಟೀಮಿಗೆ ಕಳಿಸಿದ್ದೇನೆ.

ಕಮಿಟಿಯವರೇ, ಮಾಸ್ತರರನ್ನು ಊರಿಗೆಲ್ಲ ಕೇಳುವಂತೆ ಮೈಕಿನಲ್ಲಿ ಎರಡು ಸಲ ಕರೆದಿರಿ. ಕರೆಸಿದ್ದು ಯಾರು ಎಂಬುದನ್ನು ಅದೇ ಮೈಕಿನಲ್ಲಿ ಒಂದು ಸಲ ಹೇಳಿ.