ಕುಲಾವಿ ತೊಟ್ಟ ಕ್ಯಾಮೆರಾ

ನನ್ನ ಭಾವ, ಅಂದರೆ ಅಕ್ಕನ ಗಂಡ, ಮೋಡದ ಬೆನ್ನು ಹತ್ತಿ ತಿರುಗುವ ಮನುಷ್ಯ. ಏಪ್ರಿಲ್ ಮೇ ತಿಂಗಳಲ್ಲಿ ಪುಣೆಯ ಸುತ್ತ ಮಧ್ಯಾಹ್ನ ಗುಡುಗಿತೆಂದರೆ ಜನ ಒಣಹಾಕಿದ ಬಟ್ಟೆ ತೆಗೆಯಲು ಓಡುತ್ತಾರೆ. ಇವರು ಗಾಡಿಯ ಕಡೆ ಓಡುತ್ತಿದ್ದರು. ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಉಳ್ಳಾಗಡ್ಡಿ ವ್ಯಾಪಾರ ಮಾಡಿದವರು. ಮಳೆ ಅವರಿಗೆ ಮೊದಲು ವೈರಿಯಾಗಿತ್ತು, ಆಮೇಲೆ ಹೇಗೋ ಚಟವಾಯಿತು. ನಾನು ಅದನ್ನು ಹುಚ್ಚು ಅನ್ನುತ್ತಿದ್ದೆ, ಅವರ ಎದುರಿಗಲ್ಲ. ನಮ್ಮ ಕಡೆ ಅಕ್ಕನ ಗಂಡನ ಮಾತಿಗೆ ಎದುರಾಡುವ ಪದ್ಧತಿ ಇಲ್ಲ.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಅವರು ಸ್ಟಿಯರಿಂಗ್ ಬಿಟ್ಟರು. ಕಣ್ಣಿನ ಹಿಂದಿನ ಪರದೆ ಹಾಳಾಗಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ದೂರದ್ದು ಏನೂ ಕಾಣುತ್ತಿರಲಿಲ್ಲ. ಬೆಳಕಿನ ಪರದೆಗೆ ಮೂಗು ಹಚ್ಚಿ ಕೂತರೆ ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು. ಅದಕ್ಕೆಂದೇ ಗಾಡಿಯ ಟಾಪಿನ ಮೇಲೆ ಕ್ಯಾಮೆರಾ ಬಂತು, ಒಳಗೆ ಅವರ ಸೀಟಿನ ಮುಂದೆ ಸಣ್ಣ ಮಾನಿಟರ್ ಬಂತು. ಧನಕವಡಿಯ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ನಾನು ಅವರ ಭಾನುವಾರದ ಡ್ರೈವರ್ ಆದೆ.

"ಕಾಣದ ದಿನ ನಾನ ಹೇಳ್ತೀನಿ. ಅಲ್ಲೀತನಕ ನೀ ಕೇಳಬ್ಯಾಡ," ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಆ ದಿನ ಬಂದರೆ ಆಮೇಲೆ ಮನೆಯ ನಾಲ್ಕು ಗೋಡೆ. ಅವರಿಗೆ ಅದರದೇ ಅಂಜಿಕೆ. ನನಗೂ ಇತ್ತು, ಆದರೆ ನನ್ನದು ಕೇಳಬೇಕಾದೀತಲ್ಲ ಎಂಬ ಅಂಜಿಕೆ.

ಆ ಕ್ಯಾಮೆರಾದ ಆರೈಕೆ ಬಾಣಂತಿ ಆರೈಕೆಗಿಂತ ಹೆಚ್ಚು. ಕ್ಯಾರಿಯರಿನ ಸರಳಿಗೆ ಬಿಗಿದು, ಮೇಲೆ ಗಾಜಿನಂಥ ಪ್ಲಾಸ್ಟಿಕ್ಕಿನ ಬುರುಡೆ ಕೂರಿಸಿ, ಆಲಿಕಲ್ಲಿಗೆ ಒಡೆಯದಿರಲೆಂದು ಹಳೆಯ ಟೇಬಲ್ ಫ್ಯಾನಿನ ಜಾಳಿಗೆಯ ಕಂಬಿ ಕತ್ತರಿಸಿ ನೆತ್ತಿಗೆ ಕಟ್ಟಿದ್ದೆ. ಒಳಗೆ ಹಬೆ ಕಟ್ಟದಿರಲೆಂದು ಔಷಧಿ ಡಬ್ಬಿಗಳಲ್ಲಿ ಬರುವ ಸಣ್ಣ ಪೊಟ್ಟಣಗಳನ್ನು ಹುಡುಕಿ ಹುಡುಕಿ ತುಂಬಿದ್ದೆ. ಹನಿ ಬಿದ್ದರೆ ಗಾಡಿ ನಿಲ್ಲಿಸಿ ಮೆತ್ತನೆಯ ಬಟ್ಟೆಯಿಂದ ಒರೆಸುವುದೂ ನನ್ನದೇ ಕೆಲಸ. ಮಾನಿಟರಿಗೆ ಬಿಸಿಲು ಬೀಳಬಾರದೆಂದು ಮೂರು ಕಡೆ ಕಪ್ಪು ರಟ್ಟು ಹಚ್ಚಿದ್ದರಿಂದ ಅದರಲ್ಲಿ ಏನಿದೆ ಎಂಬುದು ಭಾವನಿಗೆ ಮಾತ್ರ ಗೊತ್ತು. ಗಾಡಿ ಓಡಿಸುವವನಿಗೆ ರಟ್ಟಿನ ಬೆನ್ನಷ್ಟೇ ಕಾಣುತ್ತಿತ್ತು.

ಅಕ್ಕ ಅದಕ್ಕೊಂದು ಕುಲಾವಿ ಹೊಲಿದಿದ್ದಳು. ಹಳೆಯ ಇಳಕಲ್ ಸೀರೆಯ ತುಂಡು, ಒಳಗೆ ರೇನ್‌ಕೋಟಿನ ಬಟ್ಟೆ, ಗದ್ದಕ್ಕೆ ಕಟ್ಟುವ ಲಾಡಿ, ಎಲ್ಲವೂ ಎಳೆಗೂಸಿನ ಕುಲಾವಿಯ ಹಾಗೆಯೇ. ಕ್ಯಾಮೆರಾ ಮನೆಗೆ ಬರುವ ವಾರದ ಮುಂಚೆಯೇ ಹೊಲಿದು ಇಟ್ಟಿದ್ದರಿಂದ, ಕೆಳಗಿನ ಮನೆಯ ವಿಜಾಪುರದ ಅಜ್ಜಿ "ಕೂಸು ಹುಟ್ಟೂಕಿಂತ ಮೊದಲ ಕುಲಾವಿ" ಎಂದು ಚೇಷ್ಟೆ ಮಾಡಿದ್ದಳು. ಪಾರ್ಕಿಂಗಿನಲ್ಲಿ ಧೂಳು, ಪಾರಿವಾಳದ ಹೇಲು ಬೀಳದಂತೆ ಅದು ಸದಾ ಕಟ್ಟಿರುತ್ತಿತ್ತು. ಹೊರಡುವ ಮುಂಚೆ ಬಿಚ್ಚುವವನು ನಾನು.

ಭಾವನ ತಿರುಗಾಟದಿಂದ ಒಂದು ಉಪಯೋಗವಿತ್ತು. ಶಿರೂರು ರಸ್ತೆಯಲ್ಲಿ ಪುಣೆಗೆ ಉಳ್ಳಾಗಡ್ಡಿ ತರುವ ಲಾರಿಯವರ ವಾಟ್ಸಾಪ್ ಗುಂಪಿನಲ್ಲಿ ಅವರು ಮರಾಠಿಯಲ್ಲಿ ಮೋಡದ ಸುದ್ದಿ ಮಾತಾಡಿ ಕಳಿಸುತ್ತಿದ್ದರು. ಡ್ರೈವರ್ ಆದ ಮೇಲೆ ನನ್ನನ್ನೂ ಆ ಗುಂಪಿಗೆ ಸೇರಿಸಿದ್ದರು. ಆ ಬಿಸಿಲಿಗೆ ತಾಡಪತ್ರಿ ಹೊದಿಸಿದರೆ ಒಳಗೆ ಮಾಲು ಬೆವತು ಕೊಳೆಯುತ್ತದೆ. ಹೊದಿಸದೆ ಮಳೆ ಬಂದರೆ ಎಲ್ಲ ಕೆಟ್ಟಿತು. ಅದಕ್ಕೆ ಡ್ರೈವರುಗಳು ಮಾಲು ಮುಚ್ಚದೆಯೇ ಬಂದು, ಭಾವ, ಅಂದರೆ ಅವರ "ಶೇಟ್", ಹೊದಿಸಿ ಅಂದಾಗ ಹೊದಿಸುತ್ತಿದ್ದರು. ಅಂಗಡಿ ಬಿಟ್ಟ ಮೇಲೆ ಭಾವನಿಗೆ ಉಳಿದ ಮರ್ಯಾದೆ ಅದೊಂದೇ.

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ, ನಾನು ಊಟಕ್ಕೆ ಕೂತಾಗಲೇ ಅವರ ಫೋನು ಬಂತು. ಎರಡನೆಯ ರೊಟ್ಟಿ ಮುರಿದಿದ್ದೆ ಅಷ್ಟೇ. ಸಿಟ್ಟಿನಲ್ಲೇ ಕೈ ತೊಳೆದು ಹೋದೆ, ಸಿಟ್ಟಿನಲ್ಲೇ ಗಾಡಿ ತೆಗೆದೆ.

ಶಿರೂರಿನ ದಾರಿಯುದ್ದಕ್ಕೂ ಅವರು ರಟ್ಟಿನೊಳಗೆ ಮುಖ ಹುದುಗಿಸಿ ಹೇಳುತ್ತ ಹೋದರು. "ಬುಡಾ ನೀಲಿಗಟ್ಟೇದ. ತಲಿ ಇನ್ನೂ ಹತ್ತಿ ಅರಳಿದಂಗ ಅದ. ನೋಡು, ಈಗ ಪೂರ್ವಕ್ಕ ಸರ್ಯಾಕತ್ತದ." ಎಡಗಣ್ಣಿನ ಅಂಚಿನಲ್ಲಿ ನನಗೆ ಪಶ್ಚಿಮ ಕಪ್ಪಾದಂತೆ ಕಂಡಿತು. ಆದರೂ ನಾನು ಬಾಯಿ ತೆಗೆಯಲಿಲ್ಲ. ಮೋಡದ ವಿಷಯದಲ್ಲಿ ಅವರಿಗೆ ಹೇಳಿಕೊಡಲು ನಾನು ಯಾರು? ಅವರು ಫೋನು ಬಾಯಿಗೆ ಹಿಡಿದು, ಮೋಡ ಪೂರ್ವಕ್ಕೆ ಹೋಯಿತು, ತಾಡಪತ್ರಿ ಬೇಡ, ನಿಶ್ಚಿಂತೆಯಿಂದ ಬನ್ನಿ ಎಂದು ಗುಂಪಿಗೆ ಹೇಳಿದರು.

ಹತ್ತು ನಿಮಿಷಕ್ಕೆ ಗಾಜಿನ ಮೇಲೆ ನಾಲ್ಕು ದಪ್ಪ ಹನಿ ಬಿದ್ದವು. ಒರೆಸುವ ಬಟ್ಟೆ ಹಿಡಿದು ಇಳಿದೆ. ಬಾಗಿಲ ಅಂಚಿನ ಮೇಲೆ ಕಾಲಿಟ್ಟು ಟಾಪಿನ ಕಡೆ ನೋಡಿದರೆ ಕುಲಾವಿ ಹಾಗೆಯೇ ಇತ್ತು. ಲಾಡಿಯ ಗಂಟು ಕೂಡ ಸಡಿಲಾಗಿರಲಿಲ್ಲ.

ಮೊದಲು ನನ್ನ ತಪ್ಪಿಗೆ ನಾಲಿಗೆ ಕಚ್ಚಿಕೊಂಡೆ. ಉಳಿದದ್ದು ತಿಳಿಯಲು ಇನ್ನೊಂದು ಗಳಿಗೆ ಹಿಡಿಯಿತು. ಎರಡು ತಾಸಿನಿಂದ ಆ ಮಾನಿಟರಿನಲ್ಲಿ ಏನೂ ಇರಲಿಲ್ಲ. ಹತ್ತಿ ಅರಳಿದ ತಲೆ, ನೀಲಿಗಟ್ಟಿದ ಬುಡ, ಇವನ್ನೆಲ್ಲ ಅವರು ಎಲ್ಲಿಂದ ತಂದರು? ಮತ್ತು ಎಂದಿನಿಂದ ತರುತ್ತಿದ್ದರು?  ಕುಲಾವಿ ಬಿಚ್ಚಿ ಕಿಸೆಗೆ ತುರುಕಿದೆ.

ಹಿಂದೆ ತಿರುಗಿದರೆ ಮೋಡ ಪುಣೆಯ ಕಡೆಗಿನ ರಸ್ತೆಯ ಮೇಲೆಯೇ ಇಳಿಯುತ್ತಿತ್ತು. ಲಾರಿಗಳೆಲ್ಲ ಅದೇ ರಸ್ತೆಯಲ್ಲಿ. ಗಾಡಿಯಿಂದ ದೂರ ಹೋಗಿ ಬೇವಿನ ಗಿಡದ ಕೆಳಗೆ ನಿಂತು ನಾನೂ ಗುಂಪಿಗೆ ಹೇಳಿದೆ: ಮಳೆ ಬರುತ್ತಿದೆ, ತಾಡಪತ್ರಿ ಹೊದಿಸಿ. ತಕ್ಷಣ ಒಬ್ಬ ಡ್ರೈವರ್ ಕೇಳಿದ, ಶೇಟ್ ಈಗಷ್ಟೇ ಬೇಡ ಅಂದರಲ್ಲ, ಯಾರ ಮಾತು ನಂಬಬೇಕು?

ಕ್ಯಾಮೆರಾ ಮುಚ್ಚಿತ್ತು ಎನ್ನಬಹುದಿತ್ತು. ಎರಡು ಪದದ ಮಾತು, ಖರೆಯ ಮಾತು. ಆದರೆ ಹಾಗಂದರೆ ಬಿಚ್ಚದೆ ಬಿಟ್ಟವನು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಈ ಲೆಕ್ಕ ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. "ನನ್ನ ಮಾತು ನಂಬ್ರಿ. ಶೇಟ್‌ಗೆ ಕಣ್ಣು ಕಾಣೂದಿಲ್ಲ," ಎಂದು ಮರಾಠಿಯಲ್ಲಿ ಹೇಳಿ ಕಳಿಸಿದೆ. ಹೊದಿಸುತ್ತೇವೆ, ಹೊದಿಸುತ್ತೇವೆ ಎಂದು ಒಬ್ಬೊಬ್ಬರೇ ಉತ್ತರ ಕೊಟ್ಟರು. ಮಾಲು ಉಳಿಯಿತು.

ಆಲಿಕಲ್ಲು ಶುರುವಾದಾಗ ಓಡಿ ಬಂದು ಬಾಗಿಲು ತೆಗೆದೆ. ಗಾಡಿಯೊಳಗೆ ನನ್ನ ದನಿಯೇ ಮಾತಾಡುತ್ತಿತ್ತು. ಓದಲಾಗದ ಕಾರಣ ಭಾವ ಗುಂಪಿನ ಮಾತುಗಳನ್ನೆಲ್ಲ ಫೋನು ಕಿವಿಗೆ ಹಿಡಿದು ಕೇಳುತ್ತಾರೆಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಮುಗಿಯುವ ತನಕ ಕೇಳಿದರು. ಮತ್ತೊಮ್ಮೆ ಹಚ್ಚಿ ಕೇಳಿದರು. ನನಗೆ ಅಲ್ಲಿಯೇ ನೆಲ ಬಿರಿದು ಒಳಗೆ ಹೋಗಬೇಕೆನಿಸಿತು.

"ಭಾವಾರ," ಅಂದೆ, "ಕುಲಾವಿ ಬಿಚ್ಚೂದು ಮರತಿದ್ದೆ. ತಪ್ಪು ನಂದದ."

 ಟಾಪಿನ ಮೇಲೆ ಆಲಿಕಲ್ಲು ಬಡಿಯುತ್ತಿತ್ತು. ಅವರು ಮಾನಿಟರನ್ನು ರಟ್ಟಿನ ಸಮೇತ ನಿಧಾನವಾಗಿ ನನ್ನ ಕಡೆ ತಿರುಗಿಸಿದರು.

"ನಿನಗ ಕಾಣ್ತದಲ," ಎಂದರು. "ಹೇಳು, ಹೆಂಗದ?"

ಇಷ್ಟು ವರ್ಷ ಗಾಡಿ ಓಡಿಸಿದ್ದೇನೆಯೇ ಹೊರತು ನಾನು ಒಂದು ದಿನವೂ ಮೋಡ ನೋಡಿದವನಲ್ಲ. ಪರದೆಯ ತುಂಬ ಏನೋ ಹೊರಳುತ್ತಿತ್ತು, ಅದರ ಯಾವ ಭಾಗಕ್ಕೂ ನನ್ನಲ್ಲಿ ಹೆಸರಿರಲಿಲ್ಲ.

"ಕಪ್ಪಗದ್ರಿ," ಅಂದೆ.

"ಅಷ್ಟು ನನಗೂ ಕಾಣ್ತದ," ಎಂದರು ಭಾವ.