ಮೀನು ಬಂದರಿನ ಗೋಲ್‌ಕೀಪರ್

ಬ್ಯಾಂಕಿನಲ್ಲಿ ಪ್ರಮೋಷನ್ ಸಿಕ್ಕಿದವರು ಸಿಹಿ ಹಂಚುತ್ತಾರೆ. ಅನಂತರಾಮ ಮೂರು ಸಲ ಸಿಹಿ ಹಂಚಿದ್ದು ಪ್ರಮೋಷನ್ ಬೇಡವೆಂದು ಬರೆದುಕೊಟ್ಟ ಮೇಲೆ. ಪ್ರಮೋಷನ್ ಎಂದರೆ ವರ್ಗ. ವರ್ಗ ಎಂದರೆ ತಿರುವನಂತಪುರದ ತಂಪಾನೂರು ಶಾಖೆ, ಕಿಟಕಿ ಪಕ್ಕದ ಕೌಂಟರು, ಕೇಳದೆಯೇ ಬಂದು ಕೂರುವ ಹನ್ನೊಂದರ ಚಹಾ, ಇಷ್ಟನ್ನೂ ಬಿಟ್ಟು ಹೋಗುವುದು. ಕುಂಬಳೆಯಿಂದ ತಿರುವನಂತಪುರಕ್ಕೆ ಬಂದಾಗ ಒಮ್ಮೆ ಊರು ಬಿಟ್ಟಿದ್ದೇನೆ, ಈ ಜನ್ಮಕ್ಕೆ ಅಷ್ಟು ಸಾಕು ಎನ್ನುತ್ತಿದ್ದ. ವರ್ಗದ ಆದೇಶ ಕೈಗೆ ಬಂದ ಸಹೋದ್ಯೋಗಿಗಳೆಲ್ಲ ಅವನಿಗೆ ಫೋನ್ ಮಾಡಿ ಸಲಹೆ ಕೇಳುವರು. ಅವನ ಹತ್ತಿರ ಇದ್ದದ್ದು ಒಂದೇ ಸಲಹೆ: ಹೋಗಬೇಡ.

ಅವನು ತೀರಿಕೊಂಡ ಸುದ್ದಿ ಬಂದ ದಿನ ಗೆಳೆಯರ ಕಣ್ಣಿಗೆ ಕಟ್ಟಿದ್ದು ಆ ಕೌಂಟರಲ್ಲ. ಮೀನಿನ ಎರಡು ಕ್ರೇಟುಗಳ ನಡುವೆ ಮುಂಡು ಎತ್ತಿಕಟ್ಟಿ, ಮೊಣಕಾಲು ಬಗ್ಗಿಸಿ ನಿಂತ ಅನಂತರಾಮ. ಈರುಳ್ಳಿ ಬಿದ್ದ ಸಾಂಬಾರನ್ನೂ ಅನುಮಾನದಿಂದ ನೋಡುವ ಮನುಷ್ಯ ಅಲ್ಲಿಗೆ ಹೇಗೆ ತಲುಪಿದ ಎಂದು ಹೇಳಬೇಕಾದರೆ ಅವನ ಸೊಂಟನೋವಿನಿಂದಲೇ ಶುರುಮಾಡಬೇಕು.

ಕೌಂಟರಿನಲ್ಲಿ ಕೂತು ಕೂತು ಬಂದ ನೋವು. ಅವನ ಊರಿನವರು ಆಟಿ ಎನ್ನುವ, ಇಲ್ಲಿನವರು ಕರ್ಕಿಡಕಂ ಎನ್ನುವ ಮಳೆಯ ತಿಂಗಳಲ್ಲಿ ರಜೆ ಹಾಕಿ, ನಗರದ ಒಂದು ಆಯುರ್ವೇದ ಆಸ್ಪತ್ರೆ ಸೇರಿದ. ಬೈಸ್ಟ್ಯಾಂಡರ್ ಆಗಿ, ಅಂದರೆ ರೋಗಿಯ ಆರೈಕೆಗೆ, ಹೆಂಡತಿ ಭವಾನಿ ಜೊತೆಗಿದ್ದಳು. ಮೊದಲ ಬೆಳಿಗ್ಗೆಯೇ ಪಕ್ಕದ ಎಣ್ಣೆ ಹಲಗೆಯ ಮೇಲೆ ಕೌಪೀನ ಕಟ್ಟಿಕೊಂಡು ಒಬ್ಬ ಬಿಳಿಯ ಯುವಕ ಮಲಗಿದ್ದ. ಕಾಲುಗಳು ಹಲಗೆಯಿಂದ ಆಚೆ ಚಾಚಿದ್ದವು. ಹೆಸರು ಕಿರಿಲ್, ರಷ್ಯಾದವನು, ವೋಲ್ಗಾ ನದಿಯ ದಡದ ಊರು, ಐಸ್ ಹಾಕಿ ಆಟಗಾರ, ಮಂಜುಗಡ್ಡೆಯ ಮೇಲೆ ಆಡುವವನು. ಚಳಿಗಾಲದಲ್ಲಿ ಮಂಡಿ ತಿರುಚಿತ್ತು. ಚಾಲೈ ಪೇಟೆಯ ನಿಂಬೆ ಸರಬತ್ತಿನ ಲೋಟದಲ್ಲಿ ತೇಲುವುದಕ್ಕಿಂತ ದೊಡ್ಡ ಮಂಜುಗಡ್ಡೆಯನ್ನು ಅನಂತರಾಮ ಕಂಡವನಲ್ಲ. ಅದರ ಮೇಲೆ ಮನುಷ್ಯರು ಓಡಿ ಸಂಬಳ ತೆಗೆದುಕೊಳ್ಳುತ್ತಾರೆ ಎಂಬುದನ್ನು ನಂಬಲು ಅವನಿಗೆ ಎರಡು ದಿನ ಬೇಕಾಯಿತು.

ನಂಬಿದ ಮೇಲೆ ಹುಡುಗನ ಕಷ್ಟ ಕೇಳಿದ. ಇಬ್ಬರದೂ ಹರಕುಮುರುಕು ಇಂಗ್ಲಿಷು. ಎಣ್ಣೆ ಇಳಿಯುವವರೆಗೆ ಹೊತ್ತು ಹೋಗಬೇಕಲ್ಲ. ಊರಿನ ದೊಡ್ಡ ಕ್ಲಬ್ಬು ಮೂರು ವರ್ಷಕ್ಕೆ ಸಹಿ ಹಾಕು ಎನ್ನುತ್ತಿದೆ. ಕೆನಡಾದ ಒಂದು ಜೂನಿಯರ್ ತಂಡವೂ ಕರೆಯುತ್ತಿದೆ. ಜೊತೆಗೆ ಬಂದಿರುವ ತಾಯಿ ಲಾರಿಸಾಗೆ ಮಗ ಕಣ್ಣಳತೆಯಲ್ಲಿರಬೇಕು. ಏಜೆಂಟನಿಗೆ ಅವನು ಕೆನಡಾಕ್ಕೆ ಹಾರಬೇಕು. ಚಿಕಿತ್ಸೆ ಮುಗಿಯುವಷ್ಟರಲ್ಲಿ ಉತ್ತರ ಕೊಡಬೇಕು. ತಪ್ಪಾಗಿ ಆರಿಸಿದರೆ ಮತ್ತೆ ಕೇಳುವವರಿಲ್ಲ. ಅವನ ವಯಸ್ಸಿನವರು ಅಲ್ಲಿ ಸಾಲುಗಟ್ಟಿ ನಿಂತಿದ್ದಾರೆ.

ಅನಂತರಾಮನಿಗೆ ಎಲ್ಲವೂ ಸ್ಪಷ್ಟವಾಗಿ ಅರ್ಥವಾಯಿತು. ಊರಿನ ಕ್ಲಬ್ಬು ಎಂದರೆ ಹೋಮ್ ಬ್ರಾಂಚ್. ಕೆನಡಾ ಎಂದರೆ ಪ್ರಮೋಷನ್ ಮೇಲೆ ವರ್ಗ. ಏಜೆಂಟ್ ಎಂದರೆ ಯೂನಿಯನ್ ಸೆಕ್ರೆಟರಿ. ಕ್ವಾರ್ಟರ್ಸ್ ಕೊಡುತ್ತಾರಾ, ಅಡಿಗೆ ಯಾರದು, ವಾಪಸು ಬರಲು ಅರ್ಜಿ ಹಾಕಬಹುದಾ ಎಂದೆಲ್ಲ ವಿಚಾರಿಸಿ, ಮಲಗಿದಲ್ಲಿಂದಲೇ ತೀರ್ಪು ಕೊಟ್ಟ: ಹೋಗಬೇಡ. ಆಚೆ ಬಾಗಿಲಲ್ಲಿ ಕೂತಿದ್ದ ಲಾರಿಸಾಗೆ ಕಿರಿಲ್ ಅದನ್ನು ರಷ್ಯನ್ನಿನಲ್ಲಿ ಹೇಳಿದ. ಅಂದಿನಿಂದ ಲಾರಿಸಾ ಮತ್ತು ಭವಾನಿ ಜೀವದ ಗೆಳತಿಯರಾದರು. ಒಬ್ಬರ ಭಾಷೆಯ ಒಂದಕ್ಷರ ಇನ್ನೊಬ್ಬರಿಗೆ ತಿಳಿಯದು. ಔಷಧಿ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಗಂಡಸರನ್ನು ದೂರುವುದಕ್ಕೆ ಭಾಷೆ ಬೇಕಾಗಲಿಲ್ಲ.

ಹುಡುಗನ ಮನಸ್ಸು ಗಟ್ಟಿಯಾಗಲೆಂದು ಅನಂತರಾಮ ತನ್ನ ಕಥೆಯನ್ನೂ ಹೇಳಿದ. ತನಗೂ ನಾಲ್ಕನೇ ಸಲ, ಕೊನೆಯ ಸಲ, ಕರೆ ಬಂದಿದೆ. ರಜೆ ಮುಗಿಯುವುದರೊಳಗೆ ಉತ್ತರ ಕೊಡಬೇಕು. ಹೊರಗಿನ ಊರಿಗೆ ಹಾಕುತ್ತಿದ್ದಾರೆ. ಬೇರೆಯೇ ಊಟ, ಬೇರೆಯೇ ಧಾಟಿಯ ಮಾತು, ಗುರುತಿನ ಮುಖ ಒಂದೂ ಇಲ್ಲ. ಕಿರಿಲ್ ಮರುಗಿದ.

“ವೀಸಾ ಆಯಿತೇ ಅಂಕಲ್?”

“ಎಂತದ್ದು ವೀಸಾ? ಕೊಚ್ಚಿಗೆ ಎಂತಕ್ಕೆ ವೀಸಾ?”

“ವಿಮಾನದಲ್ಲಿ ಎಷ್ಟು ಹೊತ್ತು?”

ರೈಲಿನಲ್ಲಿ ಮೂರು ಗಂಟೆ ಎಂದು ಒಪ್ಪಿಕೊಳ್ಳಬೇಕಾಯಿತು. ಕಿರಿಲ್ ನಕ್ಕ ರಭಸಕ್ಕೆ ಎಣ್ಣೆಯ ಉರುಳಿ ಪಾತ್ರೆ ಮಗುಚಿ, ವೈದ್ಯರು ಓಡಿಬಂದರು. ತಮ್ಮ ದೇಶದೊಳಗಿನ ಒಂದು ಪಂದ್ಯಕ್ಕೇ ತಾವು ಎಂಟು ಗಂಟೆ ವಿಮಾನದಲ್ಲಿ ಕೂರುತ್ತೇವೆ ಎಂದು ಅವನು ಕಣ್ಣೊರೆಸಿಕೊಳ್ಳುತ್ತ ಹೇಳಿದ. ಸಂಜೆ ನಗರದ ಅಂಚಿನ ಕಳಕ್ಕೂಟದಿಂದ ಬಂದ ಮಗಳು ಇಂಚರಾಳಿಗೂ ವರದಿ ಮುಟ್ಟಿತು. ಅಪ್ಪ ಸಮರ್ಥಿಸಿಕೊಳ್ಳಲು ಬಾಯಿ ತೆರೆದದ್ದೇ, “ಮದಿ ಪಪ್ಪಾ,” ಸಾಕು ಎಂದು ಮಲಯಾಳದಲ್ಲಿ ಮುಚ್ಚಿಸಿದಳು.

ಆ ಭಯಂಕರ ಊರನ್ನು ತನಗೆ ತೋರಿಸಲೇಬೇಕು ಎಂದು ಕಿರಿಲ್ ಹಟ ಹಿಡಿದ. ಹೀಗೆ ಎಣ್ಣೆ ಹಚ್ಚುವುದು ಮುಗಿದು ಪಥ್ಯ ಮಾತ್ರ ಉಳಿದ ದಿನಗಳಲ್ಲಿ ನಾಲ್ವರೂ ತಂಪಾನೂರಿನಲ್ಲಿ ರೈಲು ಹತ್ತಿದರು. ಭವಾನಿ ಪಥ್ಯದ ಊಟವನ್ನು ಡಬ್ಬಿಗೆ ತುಂಬಿದ್ದಳು. ಅನಂತರಾಮನಿಗೆ ಗೊತ್ತುಮಾಡಿದ್ದ ಶಾಖೆ ಕೊಚ್ಚಿಯ ತೋಪ್ಪುಂಪಡಿಯಲ್ಲಿ, ಮೀನು ಬಂದರಿನ ಪಕ್ಕ. ಆಟೋ ಇಳಿದದ್ದೇ ಅವನು ಟವೆಲಿನಿಂದ ಮೂಗು ಮುಚ್ಚಿ, ನೋಡಿದಿರಲ್ಲ, ಇನ್ನು ಮಾತು ಬೇಡ ಎಂಬಂತೆ ಎಲ್ಲರ ಮುಖ ನೋಡಿದ.

ಕಿರಿಲ್ ಬೇರೆಲ್ಲೋ ನೋಡುತ್ತಿದ್ದ. ಲಾರಿಯಿಂದ ದೋಣಿಗೆ ಮಂಜುಗಡ್ಡೆ ಇಳಿಸುತ್ತಿದ್ದರು. ಟ್ರಂಕಿನಷ್ಟು ದೊಡ್ಡ ತುಂಡುಗಳು ಹಲಗೆಯ ಮೇಲೆ ಸರ್ರನೆ ಜಾರಿ ಬಂದು, ಯಂತ್ರದ ಬಾಯಿಗೆ ಬಿದ್ದು ಪುಡಿಯಾಗುತ್ತಿದ್ದವು. ಮುಷ್ಟಿಯಷ್ಟು ಚೂರೊಂದು ಸಿಡಿದು ಅವನ ಕಾಲ ಬಳಿ ನಿಂತಿತು. ಗೋಡೆಗೊರಗಿದ್ದ, ಕ್ರೇಟು ಎಳೆಯುವ ಕೊಕ್ಕೆಕೋಲನ್ನು ತೆಗೆದುಕೊಂಡ. ಅದರಿಂದ ಚೂರನ್ನು ಅತ್ತ ತಳ್ಳಿದ, ಇತ್ತ ಎಳೆದ. ಅದು ಕೋಲಿಗೆ ಅಂಟಿದಂತೆ ಒದ್ದೆ ನೆಲದ ಮೇಲೆಲ್ಲ ಅವನ ಹಿಂದೆ ಮುಂದೆ ಸುತ್ತಿತು. ಹೊರೆಯಾಳುಗಳು ಕೆಲಸ ನಿಲ್ಲಿಸಿದರು. ಯಾರೋ ಎರಡು ಕ್ರೇಟುಗಳನ್ನು ದೂರ ದೂರ ಇಟ್ಟು ಗೋಲು ಮಾಡಿದರು. ಗೋಲಿಗೆ ಒಬ್ಬ ಬೇಕಲ್ಲ ಎಂದು ಎಲ್ಲರೂ ಸುತ್ತ ನೋಡಿದರು. ಕೆಲಸವಿಲ್ಲದೆ ನಿಂತಿದ್ದವನು ಒಬ್ಬನೇ.

“ಸಾರೇ, ಕೇರಿ ನಿಲ್ಕ್,” ಬಂದು ನಿಲ್ಲಿ ಎಂದು ಒಬ್ಬ ಹೊರೆಯಾಳು ಕರೆದ.

ಅವನು ಯಾಕೆ ಹೋಗಿ ನಿಂತನೋ ಅವನಿಗೇ ಗೊತ್ತಿಲ್ಲ. ಬೇಡ ಎಂದು ಬಾಯಿಗೆ ಬರುವ ಮೊದಲೇ ಕಾಲು ನಡೆದಿತ್ತು ಎಂದು ಆಮೇಲೆ ಹೇಳುತ್ತಿದ್ದ. ಮೊದಲ ಚೂರು ಅವನ ಕಾಲ ಸಂದಿಯಲ್ಲೇ ಹೋಯಿತು. ಎರಡನೆಯದು ಎಲ್ಲಿ ಹೋಯಿತೆಂದೇ ಕಾಣಲಿಲ್ಲ. ಮೂರನೆಯದಕ್ಕೆ ಮುಂಡು ಎತ್ತಿಕಟ್ಟಿ ಅಡ್ಡ ಹಾರಿದ, ಅಥವಾ ಜಾರಿಬಿದ್ದ. ಈ ಬಗ್ಗೆ ಸಾಕ್ಷಿಗಳಲ್ಲಿ ಒಮ್ಮತವಿಲ್ಲ. ಚೂರು ಅವನ ಹೊಟ್ಟೆಗೆ ಬಡಿದು ನಿಂತಿತು. ಬಂದರಿನಲ್ಲಿ ಶಿಳ್ಳೆ ಎದ್ದಿತು. ಕಿರಿಲ್ ಕೋಲು ಬಿಸಾಡಿ ಓಡಿಬಂದು, ಮೀನಿನ ಹುರುಪೆ ಮೆತ್ತಿದ ಆ ವೈದಿಕರ ಮಗನನ್ನು ತಬ್ಬಿ ಎತ್ತಿ ನಿಲ್ಲಿಸಿದ. ಹುಡುಗನ ಅರಳಿದ ಮುಖ ನೋಡಿ ಲಾರಿಸಾ ಭವಾನಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಂಡಿ ಕೆಟ್ಟ ಮೇಲೆ ಆ ಮುಖವನ್ನು ಅವಳೂ ಕಂಡಿರಲಿಲ್ಲ.

ಉಸಿರು ಬಂದ ಮೇಲೆ ಅನಂತರಾಮ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದ. “ನಿನ್ನ ಊರಿನ ಕ್ಲಬ್ಬಿನಲ್ಲಿ ನಿನಗೆ ಎಂತ ಕೆಲಸ?”

“ಬೆಂಚು. ದೊಡ್ಡವರು ಆಡುತ್ತಾರೆ, ನಾನು ಕೂತು ನೋಡುತ್ತೇನೆ.”

“ಅಲ್ಲಿ?”

“ಅಲ್ಲಿ ಎಲ್ಲ ಪಂದ್ಯವೂ ಆಡಿಸುತ್ತಾರೆ.”

ಅನಂತರಾಮ ಮುಂಡಿನ ನೀರು ಹಿಂಡಿದ. ಕೂತು ನೋಡುವುದು ಎಂದರೇನು ಎಂದು ಅವನ ಸೊಂಟಕ್ಕೆ ಗೊತ್ತಿತ್ತು.

“ಹೋಗು,” ಎಂದ.

ಭವಾನಿ ತಿರುಗಿ ನೋಡಿದಳು. ಆ ಶಬ್ದವನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಕಿರಿಲ್ ತಾಯಿಗೆ ಏನೋ ಹೇಳಿದ. ಲಾರಿಸಾ ಅತ್ತಳು, ಮೂಗೊರೆಸಿದಳು, ಡಬ್ಬಿ ತೆರೆದು ಮಗನಿಗೆ ಊಟ ಬಡಿಸಿದಳು. ಕಿರಿಲ್ ತುತ್ತು ನುಂಗಿ, ಮತ್ತೆ ನೀವು ಎಂದು ಅಂಕಲ್ ಕಡೆ ಹುಬ್ಬು ಹಾರಿಸಿದ. ಅಂಕಲ್ ಆಟೋ ಕರೆಯಲು ಹೊರಟ.

ಉತ್ತರ ಬಂದದ್ದು ವಾಪಸು ರೈಲಿನಲ್ಲಿ, ಭವಾನಿಯಿಂದ. ಅವನ ಬಟ್ಟೆಯ ವಾಸನೆಗೆ ಎದುರು ಸೀಟಿನವರು ಎದ್ದುಹೋಗಿದ್ದರು.

“ಮೀನಿನ ಬುಟ್ಟಿ ಮಧ್ಯೆ ನಿಂತದ್ದೂ ಆಯ್ತು ನೀವು. ಇನ್ನು ಹೆದರ್ಲಿಕ್ಕೆ ಎಂತ ಉಂಟು?”

ಕಿರಿಲ್ ಕೆನಡಾಕ್ಕೆ ಹೋದ. ಅನಂತರಾಮ ಐವತ್ತನಾಲ್ಕನೇ ವಯಸ್ಸಿನಲ್ಲಿ ಆಫೀಸರ್ ಆಗಿ, ಭವಾನಿಯನ್ನೂ ಕರೆದುಕೊಂಡು ತೋಪ್ಪುಂಪಡಿಗೆ ಹೋದ. ಇಬ್ಬರೂ ಫೋನಿನಲ್ಲಿ ಪರಸ್ಪರ ದೂರು ಹೇಳಿಕೊಳ್ಳುತ್ತಿದ್ದರು. ಅಲ್ಲಿನ ಓಟ್ಸ್ ಗಂಜಿ ತಿನ್ನುವಂತಿಲ್ಲ. ಇಲ್ಲಿನ ಸಾಂಬಾರು ಮುಟ್ಟುವಂತಿಲ್ಲ. ಅಲ್ಲಿನ ಕೋಚ್ ಬೊಬ್ಬೆ ಹಾಕುತ್ತಾನೆ. ಇಲ್ಲಿನ ಮ್ಯಾನೇಜರ್ ಅದಕ್ಕಿಂತ ಜಾಸ್ತಿ. ತಿರುವನಂತಪುರದ ಗೆಳೆಯರಿಗೂ ದಿನಾ ಕೊಚ್ಚಿಯ ಮೇಲೆ ದೂರು ಬರುತ್ತಿತ್ತು. ಹೊರೆಯಾಳುಗಳು ಬ್ಯಾಂಕಿಗೆ ಬಂದರೆ ‘ಗೋಲಿ ಸಾರ್’, ಗೋಲು ಕಾಯುವ ಸಾರ್, ಎನ್ನುತ್ತಾರೆ ಎಂಬುದನ್ನೂ ಅವನು ದೂರಿನ ಧ್ವನಿಯಲ್ಲೇ ಹೇಳುತ್ತಿದ್ದ. ಒಂದೂವರೆ ವರ್ಷಕ್ಕೆ ತಂಪಾನೂರಿಗೆ ಮರಳಿ ವರ್ಗವಾಯಿತು. ಬೇಡವೆಂದು ಬರೆದುಕೊಟ್ಟು ಬಂದರಿಗೆಲ್ಲ ಸಿಹಿ ಹಂಚಿದ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಕಾಫಿ ಇನ್ನೂ ಸೋಸುತ್ತಿದ್ದಾಗ, ಪೇಪರು ಹಿಡಿದು ಕೂತಲ್ಲೇ ಹೋದ. ಭವಾನಿ ಲೋಟ ತಂದು ಮುಂದಿಟ್ಟು, ತಣಿಯುತ್ತದೆ ಎಂದು ಎರಡು ಸಲ ಹೇಳಿದಳಂತೆ. ಅವನಿಲ್ಲದೆ ಗೆಳೆಯರ ಫೋನು ಸುಮ್ಮನಿದೆ. ಕೊಚ್ಚಿಯನ್ನು ದೂರುವವರು ಯಾರೂ ಇಲ್ಲ.

ಇಂಚರಾ ಕಿರಿಲ್‌ಗೆ ತಿಳಿಸಿದಳು. ಅವನಿಂದ ಬಂದದ್ದು ಒಂದೇ ಸಾಲು: ಈಗ ಗೋಲಿನಲ್ಲಿ ಯಾರು?

ಕ್ರಿಯೆಗಳೆಲ್ಲ ಮುಗಿದ ಮೇಲೆ ಇಂಚರಾ ಅಮ್ಮನನ್ನು ಕಳಕ್ಕೂಟದ ತನ್ನ ಫ್ಲಾಟಿಗೆ ಕರೆದೊಯ್ಯಲು ಬಂದಳು. ಲಿಫ್ಟಿದೆ, ಕೆಳಗೇ ಅಂಗಡಿಯಿದೆ, ಈ ಮೀನುವಾಸನೆಯ ಊರಲ್ಲಿ ಒಬ್ಬಳೇ ಏನು ಮಾಡುತ್ತೀ ಎಂದು ಅರ್ಧ ಮಲಯಾಳ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದನ್ನೇ ಹೇಳಿದಳು. ಭವಾನಿ ಕೊನೆಯವರೆಗೂ ಕೇಳಿಸಿಕೊಂಡಳು.

“ನಾನು ಬರುದಿಲ್ಲ ಮಗಾ. ಬೇಕಾದ್ರೆ ಬರೆದು ಕೊಡ್ತೇನೆ.”

ಸಾವಿನ ವರ್ಷಾಂತವಾಗದ ಮನೆಯಲ್ಲಿ ಸಿಹಿ ಮಾಡುವಂತಿರಲಿಲ್ಲ. ಅವಳು ಒಳಗೆ ಹೋಗಿ ಡಬ್ಬಿಯಿಂದ ಒಂದು ಚಮಚ ಸಕ್ಕರೆ ತಂದು ಮಗಳ ಅಂಗೈಗೆ ಹಾಕಿದಳು.